ಒಂದಕ್ಷರದ ‘ಯಾ’ ಮತ್ತು ನನ್ನ ಮೂರು ವಾರದ ವೈಧವ್ಯ

ಸ್ಪ್ಯಾನಿಷ್‌ನಲ್ಲಿ ‘ಯಾ’ ಅಂತ ಒಂದು ಪದ ಇದೆ. ಅವರ ಲಿಪಿಯಲ್ಲಿ ಎರಡಕ್ಷರ, ನಮ್ಮ ಲಿಪಿಯಲ್ಲಿ ಒಂದೇ. ಕ್ರಿಯಾಪದದ ಹತ್ತಾರು ರೂಪಗಳನ್ನು ಮಗ್ಗಿಯ ಹಾಗೆ ಒಪ್ಪಿಸುವಷ್ಟು ಕಲಿತ ಮೇಲೂ ಈ ಒಂದಕ್ಷರ ಕೈಗೆ ಸಿಗಲಿಲ್ಲ. ಸಿಗುವ ಹೊತ್ತಿಗೆ ನಾನು ಒಮ್ಮೆ ವಿಧವೆಯಾಗಿ, ಮತ್ತೆ ಸುಮಂಗಲಿಯಾಗಿ, ಬಾರದ ಒಂದು ಫೋನ್ ಕಾಲ್‌ಗೆ ತಿಂಗಳುಗಟ್ಟಲೆ ಕಾದಿದ್ದೂ ಆಗಿತ್ತು.

2021ರ ಸೆಪ್ಟೆಂಬರ್‌ನಲ್ಲಿ ಸ್ಪೇನ್‌ನ ವಲೆನ್ಸಿಯಾಗೆ ಬಂದೆ. ಒಂದು ಲ್ಯಾಬ್‌ನಲ್ಲಿ ಕೆಲಸ. ಗಂಡನ ವೀಸಾ ಕಾಗದಗಳು ಇನ್ನೂ ಟೇಬಲ್‌ನಿಂದ ಟೇಬಲ್‌ಗೆ ಓಡಾಡುತ್ತಿದ್ದವು, ಅವನು ಶಿವಮೊಗ್ಗದಲ್ಲೇ ಉಳಿದ. ನನಗೆ ಮನೆ ಸಿಕ್ಕಿದ್ದು ಬೆನಿಮಾಕ್ಲೆಟ್‌ನಲ್ಲಿ. ಅದು ಮೊದಲು ಬೇರೆಯೇ ಹಳ್ಳಿಯಾಗಿತ್ತು, ನಗರ ಬೆಳೆದು ನುಂಗಿಕೊಂಡಿತು, ಆದರೂ ಒಳಗಿನ ಬೀದಿಗಳು ಇವತ್ತಿಗೂ ಹಳ್ಳಿಯ ಹಾಗೇ ಇವೆ. ಎದುರು ಮನೆಯವರು ಕುರ್ಚಿ ಹೊರಗೆ ಹಾಕಿಕೊಂಡು ಹರಟೆಗೆ ಕೂರುವುದು ನೋಡಿ ನನಗೆ ಪರದೇಶ ಅಂತಲೇ ಅನ್ನಿಸಲಿಲ್ಲ.

ಬರುವ ಮುಂಚೆ ಆರು ತಿಂಗಳು ಫೋನ್‌ನಲ್ಲಿ ಒಂದು ಆ್ಯಪ್ ಹಾಕಿಕೊಂಡು ಭಾಷೆ ಕಲಿತಿದ್ದೆ. ಅದು ‘ಯಾ’ಗೆ ಎರಡು ಅರ್ಥ ಕೊಟ್ಟಿತ್ತು, ಎರಡೂ ಇಂಗ್ಲಿಷ್‌ನಲ್ಲಿ. ಒಂದು ಆಲ್ರೆಡಿ, ಇನ್ನೊಂದು ನೌ. ಎರಡೇ ತಾನೇ, ಆಯ್ತು ಅಂತ ಮುಂದಿನ ಪಾಠಕ್ಕೆ ಹೋದೆ.

ಮೊದಲ ತೊಂದರೆ ಶುರುವಾಗಿದ್ದು ಲ್ಯಾಬ್‌ನಲ್ಲಿ. ಬೆಂಗಳೂರಿನಲ್ಲಿ ಎಂಟು ವರ್ಷ ಕೆಲಸ ಮಾಡಿದವಳ ಬಾಯಲ್ಲಿ ‘ಯಾ, ಯಾ’ ಎಷ್ಟು ಸಲೀಸಾಗಿ ಬರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹೂಂಗುಟ್ಟುವುದಕ್ಕೆ ನಮಗೆ ಈಗ ಅದೇ ಅಲ್ವಾ. ಪಕ್ಕದ ಟೇಬಲ್‌ನ ಹುಡುಗ ತನ್ನ ಪ್ರಯೋಗದ ಬಗ್ಗೆ ಹೇಳುತ್ತಾ ಹೋಗುತ್ತಿದ್ದ, ನಾನು ತಲೆ ಆಡಿಸುತ್ತಾ ‘ಯಾ... ಯಾ...’ ಅನ್ನುತ್ತಿದ್ದೆ. ಅವನ ಮುಖ ದಿನದಿನಕ್ಕೆ ಸಣ್ಣಗಾಗುತ್ತಾ ಬಂತು. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟ, ನನ್ನ ಲೆಕ್ಕದ ಮೇಲೆ ನಿನಗೆ ನಂಬಿಕೆ ಇಲ್ವಾ? ಸ್ಪೇನ್‌ನಲ್ಲಿ ಎರಡು ಸಲ, ಸ್ವಲ್ಪ ಎಳೆದು ‘ಯಾ, ಯಾ’ ಅಂದರೆ ‘ಹೂಂ ಹೂಂ, ಬಿಡಪ್ಪಾ, ಎಷ್ಟು ನೋಡಿಲ್ಲ’ ಅಂತ ಅರ್ಥ. ಪಾಪ, ಒಂದು ತಿಂಗಳು ಅವನು ಹೇಳಿದ್ದಕ್ಕೆಲ್ಲ ನಾನು ಬಿಡಪ್ಪಾ ಅಂದಿದ್ದೆ.

ಆದರೆ ದೊಡ್ಡ ಎಡವಟ್ಟು ಆಗಿದ್ದು ಮನೆಯಲ್ಲಿ. ನನ್ನ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಎಂಬತ್ತು ದಾಟಿದೆ, ಗಟ್ಟಿ ಜೀವ. ಅಕ್ಟೋಬರ್‌ನ ಒಂದು ಸಂಜೆ ಮೆಟ್ಟಿಲ ಮೇಲೆ ಸಿಕ್ಕವರು, ಕೈಯಲ್ಲಿದ್ದ ಉಂಗುರ ನೋಡಿ ಗಂಡ ಎಲ್ಲಿ ಅಂತ ಕೇಳಿದರು. ‘ಇನ್ನೂ ಬಂದಿಲ್ಲ, ಈಗ ಇಲ್ಲಿಲ್ಲ’ ಅನ್ನಬೇಕಿತ್ತು. ತಲೆಯೊಳಗೆ ಲೆಕ್ಕ ಹಾಕಿದೆ. ಯಾ ಅಂದರೆ ಈಗ. ನೊ ಎಸ್ತಾ ಅಂದರೆ ಇಲ್ಲ. ಕೂಡಿಸಿದೆ. ‘ಮಿ ಮರೀದೊ ಯಾ ನೊ ಎಸ್ತಾ’ ಅಂದೆ. ವ್ಯಾಕರಣ ತಪ್ಪಿಲ್ಲದ ವಾಕ್ಯ. ಹೇಳಿದ ಮೇಲೆ ನನಗೇ ಹೆಮ್ಮೆ ಆಯ್ತು.

ಅಜ್ಜಿ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. ‘ಇಷ್ಟು ಚಿಕ್ಕ ವಯಸ್ಸಿಗೆ’ ಅಂತೇನೋ ಅಂದರು. ಗಂಡ ಹೆಂಡತಿ ಬೇರೆ ಬೇರೆ ದೇಶದಲ್ಲಿ ಇರುವುದಕ್ಕೆ ಇಲ್ಲಿಯವರು ಎಷ್ಟು ಮರುಗುತ್ತಾರಪ್ಪಾ ಅಂದುಕೊಂಡೆ. ಮಾರನೇ ದಿನ ಬೇಳೆ ಸಾರಿನ ಪಾತ್ರೆ ಬಂತು. ಲೆಂತೇಖಾಸ್ ಅಂತಾರೆ, ನಮ್ಮ ಮಸೂರ್ ಬೇಳೆಯ ಅಣ್ಣ. ನಾನು ಮಾಂಸ ತಿನ್ನಲ್ಲ ಅಂತ ತಿಳಿದು ಅದನ್ನು ಬಿಟ್ಟು ಮಾಡಿದ್ದರು. ವಾರಕ್ಕೆ ಎರಡು ಸಲ ಹೀಗೆ ಪಾತ್ರೆ ಇಳಿದು ಬರುತ್ತಿತ್ತು. ನಾನು ತೊಳೆದು, ಬರಿಗೈಯಲ್ಲಿ ಕೊಡಬಾರದು ಅಂತ ಚಿತ್ರಾನ್ನ, ಕೋಸಂಬರಿ ಹಾಕಿ ವಾಪಸ್ ಕೊಡುತ್ತಿದ್ದೆ. ಅಕ್ಕಪಕ್ಕದವರು ಮೆಟ್ಟಿಲ ಮೇಲೆ ಸಿಕ್ಕರೆ ದನಿ ತಗ್ಗಿಸುತ್ತಿದ್ದರು. ಏನು ಸಂಭಾವಿತ ಜನ ಅಂದುಕೊಂಡೆ.

ಆಮೇಲೆ ನವೆಂಬರ್ 1 ಬಂತು. ನಮಗೆ ರಾಜ್ಯೋತ್ಸವ. ಸ್ಪೇನ್‌ಗೆ ತೊದೊಸ್ ಲೊಸ್ ಸಾಂತೊಸ್, ಅಂದರೆ ಎಲ್ಲ ಸಂತರ ದಿನ. ಅವತ್ತು ರಜೆ. ಜನ ಸ್ಮಶಾನಕ್ಕೆ ಹೋಗಿ ತಮ್ಮವರ ಸಮಾಧಿ ತೊಳೆದು, ಹೂವಿಟ್ಟು ಬರುತ್ತಾರೆ. ನಮ್ಮ ಪಿತೃಪಕ್ಷ ಇದ್ದ ಹಾಗೆ ಅಂತಿಟ್ಟುಕೊಳ್ಳಿ, ಎಡೆ ಇಡುವುದಿಲ್ಲ ಅಷ್ಟೇ. ಇಡುವ ಹೂವು ಯಾವುದು ಗೊತ್ತಾ? ಸೇವಂತಿಗೆ. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದು, ವಾಟ್ಸ್ಆ್ಯಪ್ ಗುಂಪಿಗೆ ಫೋಟೊ ಕಳಿಸುವುದಕ್ಕೆ ಅಂತ ಕೆಂಪು ಅಂಚಿನ ಹಳದಿ ಸೀರೆ ಉಟ್ಟು, ಕುಂಕುಮ ಇಟ್ಟುಕೊಂಡು ಕೂತಿದ್ದೆ. ಬಾಗಿಲು ಬಡಿಯಿತು. ಅಜ್ಜಿ. ಕಪ್ಪು ಕೋಟು. ಕೈಯಲ್ಲಿ ಒಂದು ದೊಡ್ಡ ಗೊಂಚಲು ಹಳದಿ ಸೇವಂತಿಗೆ.

‘ಪಾರಾ ತು ಮರೀದೊ’ ಅಂದರು. ನಿನ್ನ ಗಂಡನಿಗೆ.

ನನಗೆ ಖುಷಿಯೋ ಖುಷಿ. ಮೂರು ದಿನಕ್ಕೆ ದೀಪಾವಳಿ ಬೇರೆ. ಅಜ್ಜಿಗೆ ನಮ್ಮ ಹಬ್ಬದ ವಿಷಯ ಯಾರು ಹೇಳಿದರೋ ಅಂದುಕೊಂಡು, ಗೊಂಚಲಿನಿಂದ ಒಂದು ಹೂವು ಕಿತ್ತು ಅವರ ಎದುರೇ ಮುಡಿದುಕೊಂಡೆ. ಅಜ್ಜಿಯ ಮುಖ ನೋಡಬೇಕಿತ್ತು ನೀವು. ಬಾಯಿ ತೆರೆದದ್ದು ಮುಚ್ಚಲಿಲ್ಲ. ಅದೇ ಹೊತ್ತಿಗೆ ಸರಿಯಾಗಿ ಫೋನ್ ಹೊಡೆದುಕೊಂಡಿತು, ವಿಡಿಯೊ ಕಾಲ್, ಶಿವಮೊಗ್ಗದಿಂದ. ನಾನು ಸಂಭ್ರಮದಲ್ಲಿ ಫೋನ್ ತಿರುಗಿಸಿ, ನೋಡಿ, ಇವನೇ ನನ್ನ ಗಂಡ ಅಂತ ತೋರಿಸಿದೆ. ಅವನು ಹಲ್ಲು ಕಿರಿದು ಕೈ ಬೀಸಿದ. ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಗೋಡೆ ಹಿಡಿದುಕೊಂಡರು.

ಅರ್ಥವಾಗುವುದಕ್ಕೆ ಹತ್ತು ನಿಮಿಷ ಹಿಡಿಯಿತು, ಆಮೇಲೆ ಇಬ್ಬರೂ ಅಲ್ಲೇ ಹೊಸ್ತಿಲಲ್ಲಿ ಕೂತು ನಕ್ಕೆವು. ‘ಯಾ ನೊ ಎಸ್ತಾ’ ಅಂದರೆ ‘ಈಗ ಇಲ್ಲ’ ಅಲ್ಲವೇ ಅಲ್ಲ. ಇದ್ದರು, ಈಗಿಲ್ಲ ಅಂತ. ಮನುಷ್ಯರ ಬಗ್ಗೆ, ಅದೂ ಗಂಡನ ಬಗ್ಗೆ ದನಿ ತಗ್ಗಿಸಿ ಹೇಳಿದರೆ, ತೀರಿಕೊಂಡರು ಅಂತಲೇ. ನಾನು ಹೇಳಬೇಕಿದ್ದದ್ದು ‘ತೊದವೀಯಾ ನೊ ಎಸ್ತಾ’.

ಆ ರಾತ್ರಿ ಗಂಡನಿಗೆ ಇದನ್ನು ಕನ್ನಡದಲ್ಲಿ ವಿವರಿಸುವಾಗ ನನಗೆ ತಲೆಯೊಳಗೆ ದೀಪ ಹತ್ತಿದ್ದು. ನಮ್ಮ ಪೇಪರ್‌ನಲ್ಲಿ ಯಾರಾದರೂ ದೊಡ್ಡವರು ಹೋದರೆ ತಲೆಬರಹ ಏನು? ಹಿರಿಯ ಕಲಾವಿದ ಇನ್ನಿಲ್ಲ. ಬಸ್ ಬಂತಾ ಅಂತ ಕೇಳಿದರೆ? ಇನ್ನೂ ಇಲ್ಲ. ‘ಇನ್ನು’ಗೂ ‘ಇನ್ನೂ’ಗೂ ನಡುವೆ ಒಂದು ದೀರ್ಘದ ವ್ಯತ್ಯಾಸ. ಅಷ್ಟರಲ್ಲಿ ಒಬ್ಬ ಮನುಷ್ಯ ಸಾಯುತ್ತಾನೆ ಅಥವಾ ಬಸ್‌ಗೆ ಕಾಯುತ್ತಾನೆ. ಯಾ ನೊ ಅಂದರೆ ಇನ್ನಿಲ್ಲ. ತೊದವೀಯಾ ನೊ ಅಂದರೆ ಇನ್ನೂ ಇಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯವನ್ನು ಆರು ತಿಂಗಳು ಇಂಗ್ಲಿಷ್ ಮೂಲಕ ಹುಡುಕುತ್ತಿದ್ದೆನಲ್ಲ ಅಂತ ಸ್ವಲ್ಪ ನಾಚಿಕೆಯೂ ಆಯ್ತು. ಗಂಡನಿಗೆ ಮಾತ್ರ ತಾನು ಮೂರು ವಾರ ‘ಇನ್ನಿಲ್ಲ’ವಾಗಿದ್ದೆ ಅನ್ನುವುದೇ ದೊಡ್ಡ ವಿಷಯ. ಅವನ ಆಫೀಸ್‌ನಲ್ಲೆಲ್ಲ ಹೇಳಿಕೊಂಡು ಬಂದ.

ಹಾಗಾದರೆ ಉಳಿದ ಯಾಗಳು? ಮರುದಿನವೇ ಸ್ಪೇನ್‌ನ ರಾಯಲ್ ಅಕಾಡೆಮಿಯ ನಿಘಂಟು ತೆಗೆದೆ. 1713ರಲ್ಲಿ ಶುರುವಾದ ಸಂಸ್ಥೆ, ನಿಘಂಟು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅಲ್ಲಿ ನೋಡಿದರೆ ಯಾ ಕಳೆದ ಕಾಲಕ್ಕೂ ಬರುತ್ತದೆ, ಈಗಿನ ಕಾಲಕ್ಕೂ ಬರುತ್ತದೆ, ಮುಂದಿನ ಕಾಲಕ್ಕೂ ಬರುತ್ತದೆ. ‘ಈ ವಿಷಯ ಆಗಲೇ ಮಾತಾಡಿದ್ದೇವೆ’ ಅನ್ನುವುದಕ್ಕೂ ಯಾ, ‘ಆಗ ಸಾಹುಕಾರ, ಈಗ ಬಡವ’ ಅನ್ನುವುದಕ್ಕೂ ಯಾ, ‘ಮುಂದೆ ಸಿಗೋಣ’ ಅನ್ನುವುದಕ್ಕೂ ಯಾ. ಮೂರೂ ಕಾಲಕ್ಕೆ ಬರುವ ಕಾಲಸೂಚಕ ಪದ! ನಿಘಂಟು ಮುಚ್ಚಿದೆ. ಮೂಲ ಮಾತ್ರ ಸರಳ, ಲ್ಯಾಟಿನ್‌ನ ‘ಯಾಮ್’. ಅದೇ ಪೋರ್ಚುಗೀಸ್‌ನಲ್ಲಿ, ಇಟಾಲಿಯನ್‌ನಲ್ಲಿ ಬೇರೆ ಬೇರೆ ಉಚ್ಚಾರದಲ್ಲಿ ಉಳಿದಿದೆ. ವಲೆನ್ಸಿಯಾದವರ ಸ್ವಂತ ಭಾಷೆಯಲ್ಲಿ ಅದು ‘ಜಾ’. ನನ್ನ ಬೀದಿಯಲ್ಲಿ ಎರಡೂ ಕೇಳುತ್ತವೆ. ಹಣ್ಣಿನ ಅಂಗಡಿಯವನು ಗಿರಾಕಿ ನೋಡಿ ಒಮ್ಮೆ ಯಾ, ಒಮ್ಮೆ ಜಾ.

ದಾರಿ ತೋರಿಸಿದ್ದು ಸಂಜೆ ಕ್ಲಾಸಿನ ಮೇಡಂ. ಹಲಗೆಯ ಮೇಲೆ ಒಂದು ಉದ್ದ ಗೆರೆ ಎಳೆದರು. ಈ ಕಡೆ ಒಂದು ಸ್ಥಿತಿ, ಆ ಕಡೆ ಇನ್ನೊಂದು. ಗೆರೆ ದಾಟಿದ್ದರೆ ಯಾ. ದಾಟಿಲ್ಲದಿದ್ದರೆ ತೊದವೀಯಾ. ಗಡಿಯಾರ ಮರೆತುಬಿಡಿ ಅಂದರು. ಆಮೇಲೆ ಮಳೆಯನ್ನು ಹಿಡಿದುಕೊಂಡರು. ಯುವೇವೆ ಅಂದರೆ ಮಳೆ ಬರುತ್ತಿದೆ. ಯಾ ಯುವೇವೆ, ಮಳೆ ಬಂದೇ ಬಂತು. ತೊದವೀಯಾ ಯುವೇವೆ, ಇನ್ನೂ ಸುರಿಯುತ್ತಲೇ ಇದೆ. ಯಾ ನೊ ಯುವೇವೆ, ಮಳೆ ನಿಂತಿತು. ತೊದವೀಯಾ ನೊ ಯುವೇವೆ, ಇನ್ನೂ ಶುರುವಾಗಿಲ್ಲ. ನಾಲ್ಕೂ ಬರೆದುಕೊಂಡೆ. ಎರಡನೆಯದು ಆಗುಂಬೆಯ ವಾಕ್ಯ ಅಂತ ಪಕ್ಕದಲ್ಲಿ ಗುರುತು ಹಾಕಿಕೊಂಡೆ, ಮಲೆನಾಡಿನಲ್ಲಿ ಹುಟ್ಟಿದವಳಿಗೆ ಅದು ಮರೆಯುವುದು ಹೇಗೆ.

ಅಲ್ಲಿಂದ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡೆ. ದಿನಾ ಕೇಳಿದ ಯಾ ಬರೆಯುವುದು, ಎದುರಿಗೆ ಕನ್ನಡ ಬರೆಯುವುದು. ಇಂಗ್ಲಿಷ್ ಬರೆಯಬಾರದು ಅಂತ ನನಗೆ ನಾನೇ ಹಾಕಿಕೊಂಡ ಶಿಸ್ತು. ಅದು ಎಷ್ಟು ಚೆನ್ನಾಗಿ ಕೆಲಸ ಮಾಡಿತು ಅಂದರೆ ನನಗೇ ಆಶ್ಚರ್ಯ.

ಅಜ್ಜಿಯನ್ನು ಕೆಳಗಿನಿಂದ ಕೂಗಿದರೆ ಮೇಲಿಂದ ‘ಯಾ ವೊಯ್!’ ಅಂತ ಉತ್ತರ ಬರುತ್ತದೆ. ಆದರೆ ಚಪ್ಪಲಿ ಇನ್ನೂ ಹಾಕಿರುವುದಿಲ್ಲ. ನಾವೇನು ಮಾಡುತ್ತೇವೆ? ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ‘ಬಂದೇ, ಬಂದೇ’ ಅಂತ ಕೂಗುತ್ತೇವೆ. ಬಂದೆ! ಭೂತಕಾಲ! ಒಂದು ಹೆಜ್ಜೆಯೂ ಎತ್ತಿಟ್ಟಿಲ್ಲ. ಕಾಲು ಹೊರಡುವ ಮುಂಚೆ ಮನಸ್ಸು ಗೆರೆ ದಾಟಿದೆ, ಅದಕ್ಕೆ ಬಂದೆ, ಅದಕ್ಕೇ ಯಾ. ಮೇಡಂಗೆ ಇದನ್ನು ಹೇಳಿದಾಗ ಅವರು ಕುರ್ಚಿ ಎಳೆದುಕೊಂಡು ಕೂತು ಕನ್ನಡದ ಬಗ್ಗೆ ಅರ್ಧ ಗಂಟೆ ಕೇಳಿದರು.

‘ಯಾ ಎಸ್ತಾ’ಗೆ ಆಯ್ತು. ಪ್ಲಂಬರ್ ನಲ್ಲಿ ಸರಿ ಮಾಡಿ ಎದ್ದು ನಿಂತು ಹೇಳುವುದು ಅದೇ, ಅಳುವ ಮಗುವಿನ ಬೆನ್ನು ತಟ್ಟುತ್ತಾ ತಾಯಿ ‘ಆಯ್ತು ಆಯ್ತು’ ಅನ್ನುವುದೂ ಅದೇ. ‘ಯಾ ಆಸ್ ಕೊಮೀದೊ?’ಗೆ ನಮ್ಮ ಊಟ ಆಯ್ತಾ. ‘ಯಾ ವೆರೇಮೊಸ್’ಗೆ ನೋಡೋಣ, ಅದೂ ನಮ್ಮಪ್ಪ ಸೈಕಲ್ ಕೇಳಿದಾಗಲೆಲ್ಲ ಅನ್ನುತ್ತಿದ್ದ ಆ ನೋಡೋಣ. ‘ಯಾ ಕೆ’ಗೆ ಹೇಗೂ. ಹೇಗೂ ಅಡುಗೆಮನೆಗೆ ಹೊರಟಿದ್ದೀಯಲ್ಲ, ಒಂದು ಲೋಟ ನೀರು ತಾ ಅಂತ ಹೇಳುತ್ತೀವಲ್ಲ, ಆ ಹೇಗೂ ಸ್ಪ್ಯಾನಿಷ್‌ನಲ್ಲಿ ಯಾ ಕೆ. ಸುಮ್ನೆ ‘ಯಾ’ ಅಂದು ನಿಲ್ಲಿಸಿದರೆ, ಗೊತ್ತು, ಅದೇ ಮತ್ತೆ, ಹೌದಲ್ವಾ, ಈ ಮೂರರಲ್ಲಿ ಒಂದು. ಯಾವುದು ಅನ್ನುವುದು ರಾಗದ ಮೇಲೆ. ನಮ್ಮ ‘ಹೂಂ’ಗೆ ಎಷ್ಟು ರಾಗ ಇದೆ ಎಣಿಸಿ ನೋಡಿ, ಇದಕ್ಕೂ ಅಷ್ಟೇ.

ಇವೆಲ್ಲದಕ್ಕಿಂತ ಗಟ್ಟಿ ಯಾ ಒಂದಿದೆ. ನಮ್ಮ ಲ್ಯಾಬ್‌ನ ಒಬ್ಬಾಕೆ ತನ್ನ ಮೇಜಿನ ಹಿಂದೆ ಹಳೇ ಪೋಸ್ಟರ್ ಅಂಟಿಸಿದ್ದಾಳೆ. ‘ದೆಮೊಕ್ರಾಥಿಯಾ ರೆಯಾಲ್ ಯಾ’. 2011ರ ಮೇ 15ರಂದು ಸ್ಪೇನ್‌ನ ಹತ್ತಾರು ಊರುಗಳಲ್ಲಿ ಜನ ಬೀದಿಗೆ ಇಳಿದರು, ಕೆಲಸ ಇಲ್ಲದ ಹುಡುಗರೇ ಜಾಸ್ತಿ, ಮ್ಯಾಡ್ರಿಡ್‌ನ ಪುಯೆರ್ತಾ ದೆಲ್ ಸೋಲ್‌ನಲ್ಲಿ ಗುಡಾರ ಹಾಕಿ ಕೂತರು, ವಲೆನ್ಸಿಯಾದ ನಗರಸಭೆ ಚೌಕದಲ್ಲೂ ಕೂತರು. ಈಕೆ ಆಗ ವಿದ್ಯಾರ್ಥಿನಿ. ಅವರನ್ನು ಕರೆತಂದ ವೇದಿಕೆಯ ಹೆಸರೇ ಅದು, ನಿಜವಾದ ಪ್ರಜಾಪ್ರಭುತ್ವ ಈಗಲೇ ಬೇಕು ಅಂತ. ಓಟದ ಪಂದ್ಯದಲ್ಲಿ ಮಕ್ಕಳನ್ನು ಬಿಡುವಾಗಲೂ ಕೂಗುವುದು ಇದೇ ಯಾ. ಬಾಸ್ತಾ ಯಾ ಅಂದರೆ ಸಾಕು ಮಾಡಿ. ಇಲ್ಲಿ ಗೆರೆ ಯಾರೂ ದಾಟಿಲ್ಲ, ದಾಟಿ ಅಂತ ದಬ್ಬುವುದು. ಇದನ್ನು ಅಜ್ಜಿಗೆ ಹೇಳಿದರೆ ಅವರು ಮೂಗು ಮುರಿದು, ನನ್ನ ಗಂಡ ದಿನಾ ಓದುತ್ತಿದ್ದ ಪೇಪರ್ ಹೆಸರೇ ‘ಯಾ’ ಅಂದರು. ಹೌದು, ಹಾಗೊಂದು ಪೇಪರ್ ಇತ್ತು, 1935ರಲ್ಲಿ ಮ್ಯಾಡ್ರಿಡ್‌ನಲ್ಲಿ ಶುರುವಾಗಿ 1996ರಲ್ಲಿ ನಿಂತುಹೋಯಿತು. ಕ್ಯಾಥೊಲಿಕ್ ಮನೆಗಳ ಪೇಪರ್. ಅಜ್ಜಿಯ ಯಾ ಒಂದು ಕಡೆ, ಲ್ಯಾಬ್‌ನವಳ ಯಾ ಇನ್ನೊಂದು ಕಡೆ.

ಇಷ್ಟೆಲ್ಲ ನೋಟ್‌ಬುಕ್ ತುಂಬಿಸಿದ ಮೇಲೂ ಒಂದು ಕಡೆ ಬಿದ್ದೆ. ಲ್ಯಾಬ್‌ನ ಕೆಲಸ ಮುಗಿಯುತ್ತಾ ಬಂದಾಗ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋದೆ. ಒಂದು ಗಂಟೆ ಮಾತು, ನಗು, ಕಾಫಿ. ಏಳುವಾಗ ಮ್ಯಾನೇಜರ್ ಕೈ ಕುಲುಕಿ ‘ಯಾ ತೆ ಯಾಮಾರೇಮೊಸ್’ ಅಂದ. ಯಾಮಾರೇಮೊಸ್ ಅಂದರೆ ಫೋನ್ ಮಾಡುತ್ತೇವೆ. ಜೊತೆಗೆ ಯಾ ಬೇರೆ ಇದೆ, ಅಂದರೆ ಗೆರೆ ದಾಟಿಯಾಯ್ತು, ತೀರ್ಮಾನ ಆಗಿದೆ, ಇವತ್ತೋ ನಾಳೆಯೋ ಫೋನ್ ಬರುತ್ತದೆ ಅಂತ ನನ್ನ ಹೊಸ ಪಾಂಡಿತ್ಯ ಹೇಳಿತು. ಸ್ನಾನಕ್ಕೂ ಫೋನ್ ತೆಗೆದುಕೊಂಡು ಹೋದೆ. ವಾರ ಆಯ್ತು. ತಿಂಗಳು ಆಯ್ತು. ಎರಡನೇ ತಿಂಗಳು ಮೇಡಂಗೆ ಹೇಳಿದೆ. ಅವರು ನಗಲೂ ಇಲ್ಲ, ಅಯ್ಯೋ ಅಂದರು. ‘ತೆ ಯಾಮಾರೇಮೊಸ್’ ಅಂದಿದ್ದರೆ ಫೋನ್ ಮಾಡುತ್ತಿದ್ದರೋ ಏನೋ, ಮುಂದೆ ಯಾ ಸೇರಿತು ಅಂದರೆ ‘ನಾವೇ ಹೇಳಿ ಕಳಿಸುತ್ತೇವೆ, ಹೋಗಿ ಬನ್ನಿ’ ಅಂತ. ಹೆಣ್ಣು ನೋಡಿ ಉಪ್ಪಿಟ್ಟು ಕೇಸರಿಬಾತ್ ತಿಂದು, ‘ಊರಿಗೆ ಹೋಗಿ ಕಾಗದ ಹಾಕ್ತೀವಿ’ ಅಂದ ಹಾಗೆ.

ನಾನು ಆ ಪದವನ್ನು ಇನ್ನೊಂದು ಸಲ ಹೇಳಿಕೊಂಡೆ. ಯಾಮಾರೇಮೊಸ್. ಯಾಮಾರೆ, ಮೋಸ್. ಕನ್ನಡದವಳು ಅಂದರೆ ಕೇಳಿದ ಕೂಡಲೇ ಎಚ್ಚೆತ್ತುಕೊಳ್ಳಬೇಕಿತ್ತು! ಯಾಮಾರುವುದೂ ಇದೆ, ಮೋಸವೂ ಇದೆ, ಒಂದೇ ಪದದಲ್ಲಿ. ಗಂಡ ಇವತ್ತಿಗೂ ಕೆಲಸಕ್ಕೆ ಅರ್ಜಿ ಹಾಕಿದಾಗಲೆಲ್ಲ, ಏನಂತೆ, ಯಾಮಾರಿಸ್ತಾರಂತಾ ಅಂತ ಕೇಳುತ್ತಾನೆ.

ಅಟ್ಲಾಂಟಿಕ್ ದಾಟಿದರೆ ಈ ಪದ ಮತ್ತೆ ಬೇರೆ. ಮುಂದಿನ ಕೆಲಸದ ಜಾಗದಲ್ಲಿ ಮೆಕ್ಸಿಕೊದ ಹುಡುಗಿ ‘ಯಾ ಮೇರೊ’ ಅನ್ನುತ್ತಾಳೆ. ಇನ್ನೇನು ಆಗಿಹೋಯಿತು ಅಂತ, ನಮ್ಮ ಇನ್ನೇನು ಎಷ್ಟು ಉದ್ದ ಎಳೆಯುತ್ತದೋ ಅವಳದೂ ಅಷ್ಟೇ ಎಳೆಯುತ್ತದೆ. ಚಿಲಿಯವನಿಗೆ ಯಾ ಅಂದರೆ ಸರಿ ಅಂತ ಅಷ್ಟೇ. ಅವನು ‘ಯಾ ಪೊ’ ಅನ್ನುತ್ತಾನೆ, ಆ ಪೊ ನಮ್ಮ ಕಣೋ ಇದ್ದ ಹಾಗೆ. ಈಕ್ವೆಡಾರ್‌ನವಳ ‘ಯಾ ಮಿಸ್ಮೊ’ ಮಾತ್ರ ನನ್ನನ್ನು ಕಂಗೆಡಿಸಿತು. ಪದ ಪದ ಬಿಡಿಸಿದರೆ ಈಗಿಂದೀಗಲೇ ಅಂತ. ಅವಳ ಊರಿನಲ್ಲಿ ಅದರ ಅರ್ಥ ಇನ್ನೊಂದು ಸ್ವಲ್ಪ ಹೊತ್ತಿಗೆ, ಮನಸ್ಸಾದಾಗ. ‘ಐದೇ ನಿಮಿಷ’ ಅಂತ ಬೆಂಗಳೂರಿನಲ್ಲಿ ಹೇಳುವವರ ಜೊತೆ ಬಾಳಿದವಳಿಗೆ ಇದು ಕಷ್ಟವೇನಲ್ಲ ಬಿಡಿ.

ಗಂಡ ಬಂದಿದ್ದು 2022ರ ಜನವರಿಯಲ್ಲಿ. ಸೂಟ್‌ಕೇಸ್ ಎಳೆದುಕೊಂಡು ಮೆಟ್ಟಿಲು ಹತ್ತುವಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಅಡಿಯಿಂದ ಮುಡಿಯವರೆಗೆ ನೋಡಿ, ಕೆನ್ನೆ ಹಿಂಡಿ, ‘ಯಾ ಎರಾ ಓರಾ!’ ಅಂದರು. ಅಂತೂ ಬಂದೆಯಲ್ಲಪ್ಪಾ. ಸತ್ತವನು ಬರುವುದಕ್ಕೆ ಎರಡು ತಿಂಗಳು ಜಾಸ್ತಿಯೇ ಆಯ್ತು ಅಂತ ಅವರ ಲೆಕ್ಕ.

ನೋಟ್‌ಬುಕ್‌ನಲ್ಲಿ ಕನ್ನಡ ಬರೆಯದೆ ಖಾಲಿ ಬಿಟ್ಟ ಒಂದು ಸಾಲು ಇತ್ತು. ಹೋದ ಬೇಸಿಗೆಯಲ್ಲಿ ಅದು ತುಂಬಿತು. ಅಜ್ಜಿಗೆ ಹೇಳದೆ ಮೂರು ವಾರ ಊರಿಗೆ ಹೋಗಿಬಿಟ್ಟಿದ್ದೆವು, ಅವಸರದಲ್ಲಿ. ವಾಪಸ್ ಬಂದ ಸಂಜೆ ಅವರೇ ಇಳಿದು ಬಂದು ಮುಖ ಗಂಟಿಕ್ಕಿಕೊಂಡು ‘ಯಾ ಪೊದೀಯಾಸ್ ಆಬೇರ್ಮೆ ಅವಿಸಾದೊ’ ಅಂದರು. ಈ ಯಾ ಯಾವ ಗೆರೆಯನ್ನೂ ದಾಟುವುದಿಲ್ಲ. ಆಗಬೇಕಿದ್ದದ್ದು ಆಗಲಿಲ್ಲ ಅಂತ ದೂರುವುದು. ಮೇಡಂ ಹಲಗೆಯ ಮೇಲೆ ಇದಕ್ಕೆ ಜಾಗವೇ ಇರಲಿಲ್ಲ. ಅಜ್ಜಿಯ ಮುಖ ನೋಡಿದ ಮೇಲೆ ಕನ್ನಡ ತಾನಾಗೇ ಬಂತು: ಒಂದು ಮಾತು ಹೇಳಬಾರದಿತ್ತಾ?

ಬರೆದುಕೊಳ್ಳುವಾಗ ಕೈ ನಿಂತಿತು. ಹೇಳಬಾರದಿತ್ತಾ ಅಂದರೆ ಹೇಳಬೇಕಿತ್ತು ಅಂತ. ಇದನ್ನು ಮೇಡಂಗೆ ಹೇಗೆ ವಿವರಿಸುವುದು ಅಂತ ಯೋಚಿಸುತ್ತಿದ್ದೆ, ಅಷ್ಟರಲ್ಲಿ ಅಜ್ಜಿ ಊರಿಂದ ತಂದ ಚಟ್ನಿಪುಡಿ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡುತ್ತಾ, ಇದು ಖಾರವಾ ಅಂತ ಕೇಳಿದರು.